ಪದ ಬೇಕು: ‘ಪ್ರಾವಿಷನಲ್ ಬ್ಯಾಲೆಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ನಾನಿರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ. ಇಲ್ಲಿನ ಪೌರತ್ವ ಪಡೆದಿರುವ ನಮ್ಮ ಹಿರಿಯರಿಗಾಗಿ ಓಟು ಹಾಕುವ ಬಗ್ಗೆ ಎರಡು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಪ್ರಿಂಟಿಗೆ ಹೋಗಬೇಕು. ಮತಗಟ್ಟೆ, ಮತದಾರರ ಪಟ್ಟಿ, ಗುರುತಿನ ಚೀಟಿ, ಇವಕ್ಕೆಲ್ಲ ತೊಂದರೆಯಾಗಲಿಲ್ಲ. ಕೈಕಟ್ಟಿ ಕೂತಿರುವುದು ‘ಪ್ರಾವಿಷನಲ್ ಬ್ಯಾಲೆಟ್’ ಮುಂದೆ.

ಪಟ್ಟಿಯಲ್ಲಿ ಹೆಸರಿಲ್ಲ, ಇಲ್ಲವೇ ಗುರುತಿನ ಚೀಟಿ ತಂದಿಲ್ಲ ಅಂದರೂ ಇಲ್ಲಿ ಸುಮ್ನೆ ವಾಪಸ್ ಕಳಿಸುವಂತಿಲ್ಲ. ಒಂದು ಮತಪತ್ರ ಕೊಡುತ್ತಾರೆ. ತುಂಬಿ ಲಕೋಟೆಗೆ ಹಾಕಬೇಕು. ಲಕೋಟೆ ಮೇಲೆ ಹೆಸರು, ವಿಳಾಸ, ಸಹಿ. ಆಮೇಲೆ ಕಚೇರಿಯವರು ದಾಖಲೆ ನೋಡಿ, ಸರಿಯಿದ್ದರೆ ಎಣಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಚೀಟಿ ತರದವರು ನಾಲ್ಕು ದಿನದೊಳಗೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿಗೆ ಹೋಗಿ ತೋರಿಸಬೇಕು.

‘ತಾತ್ಕಾಲಿಕ ಮತ’ ಎಂದು ಬರೆದು ಅತ್ತೆಗೆ ಓದಲು ಕೊಟ್ಟೆ. “ತಾತ್ಕಾಲಿಕ ಅಂದ್ರೆ ಇನ್ನೊಂದ್ಸಲ ಬಂದು ಪಕ್ಕಾ ಓಟು ಹಾಕ್ಬೇಕಾ?” ಅಂದರು. ಕನ್ನಡಕ ತೆಗೆದು ಕಾಗದದ ಮೇಲಿಟ್ಟು ಕಾದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ಸುಮಾರು 60 ಲಕ್ಷ ಮತ ಬಿದ್ದು, ಬುಷ್ ಗೆದ್ದದ್ದು ಬರೀ 537 ಮತದಿಂದ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಎಷ್ಟೋ ಜನ ಬಾಗಿಲಿಂದಲೇ ವಾಪಸಾಗಿದ್ದರು. 2002ರ ಕಾಯ್ದೆ ಈ ಲಕೋಟೆ ಪದ್ಧತಿಯನ್ನು ದೇಶಕ್ಕೆಲ್ಲ ತಂದದ್ದು ಅದಕ್ಕೇ. ಇವತ್ತೇ ಯಾರಾದರೂ ಒಂದು ಪದ ಕೊಡಿ, ದಯವಿಟ್ಟು.

ಮರು:

‘ಹಂಗಾಮಿ ಮತ.’ ಹಂಗಾಮಿ ಸ್ಪೀಕರ್, ಹಂಗಾಮಿ ನೌಕರ ಇಲ್ಲವೇ? ಇಷ್ಟಕ್ಕೆ ಚರ್ಚೆ ಬೇಕಿಲ್ಲ.

ಮರು: ಮರು:

ಮೇಷ್ಟ್ರೇ, ಹಂಗಾಮಿ ಪಾರ್ಸಿ, ಮತ ಸಂಸ್ಕೃತ. ಎರಡನ್ನು ಅಂಟಿಸಿ ಕನ್ನಡ ಅಂದರೆ ಆಯಿತೇ? ‘ಮತ’ ಎಂದರೆ ಧರ್ಮವೂ ಹೌದು, ಅಭಿಪ್ರಾಯವೂ ಹೌದು. ಓಟಿಗೆ ಆ ಪದ ಅಂಟಿಸಿದ್ದೇ ತಪ್ಪು. ಉತ್ತರಮೇರೂರಿನ ಚೋಳರ ಶಾಸನದಲ್ಲಿ ‘ಕುಡವೋಲೈ’ ಇದೆ, ಕೊಡದೊಳಗಿನ ಓಲೆ. ಓಲೆ ನಮ್ಮದೂ ಹೌದು. ‘ತಡೆಯೋಲೆ’ ಅನ್ನಿ. ತಡೆದಿಟ್ಟ ಓಲೆ. ಎರಡೂ ಅಪ್ಪಟ ಪದ.

ಮರು: ಮರು: ಮರು:

ಅದು ಓಟಲ್ಲ. ಓಲೆ ಮೇಲೆ ಹೆಸರು ಬರೆದು, ಕೊಡಕ್ಕೆ ಹಾಕಿ, ಒಬ್ಬ ಹುಡುಗನ ಕೈಲಿ ಎತ್ತಿಸುತ್ತಿದ್ದರು. ಚೀಟಿ ಎತ್ತುವುದು ಅದು. ‘ತಡೆಯೋಲೆ’ ಓದಿದವರಿಗೆ ಕೋರ್ಟಿನ ತಡೆಯಾಜ್ಞೆ ನೆನಪಾಗುತ್ತದೆ. ಮತ್ತೆ ಅಪ್ಪಟದ ಮಾತು ಬಂತಲ್ಲ: ‘ಚುನಾವಣೆ’ ಎಲ್ಲಿಂದ ಬಂತು? ಬೇರು ಹಿಂದಿಯದು. ಬಾಲ ನಾವು ಬದಲಾವಣೆ, ಚಲಾವಣೆಗೆ ಹಚ್ಚಿದ ಅದೇ ಬಾಲ. ಅದನ್ನೂ ಬಿಡೋಣವೇ? ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಇಲ್ಲಿ ಹೇಗೆ ಬಾಳಿತು ಅನ್ನುವುದನ್ನು ನೋಡಿ.

ಮರು: ಮರು: ಮರು: ಮರು:

ಎಲ್ಲರೂ ಒಂದು ನಿಮಿಷ ನಿಲ್ಲಿ. ಆ ತಾಯಿಗೆ ಶುಕ್ರವಾರ ಪದ ಬೇಕು, ನೀವು ಚೋಳರ ಕೊಡದಲ್ಲಿ ಕೈ ಹಾಕಿಕೊಂಡು ಕೂತಿದ್ದೀರಿ.

ನಾನು ಹೈಸ್ಕೂಲ್ ಶಿಕ್ಷಕಿ. ಚುನಾವಣೆ ಡ್ಯೂಟಿಯಲ್ಲಿ ಮಸ್ಟರಿಂಗ್‌ನಿಂದ (ಮಷೀನು ಪಡೆಯುವುದು) ಡಿಮಸ್ಟರಿಂಗ್‌ವರೆಗೆ (ವಾಪಸ್ ಒಪ್ಪಿಸುವುದು) ರಾತ್ರಿಯೆಲ್ಲ ಎದ್ದಿದ್ದವಳು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಟೆಂಡರ್ ಓಟು. ನಿಮ್ಮ ಹೆಸರಲ್ಲಿ ಆಗಲೇ ಯಾರೋ ಹಾಕಿ ಹೋಗಿದ್ದರೆ ನಿಮಗೆ ಮಷೀನು ಕೊಡುವುದಿಲ್ಲ, ಕಾಗದದ ಮತಪತ್ರ ಕೊಡುತ್ತೇವೆ. ನಮೂನೆ 17ಬಿಯಲ್ಲಿ ಸಹಿ, ಬೇರೆ ಕವರು. ಆದರೆ ಆ ಕವರನ್ನು ಎಣಿಕೆಯಲ್ಲಿ ತೆಗೆಯುವುದಿಲ್ಲ. ಕೋರ್ಟು ಹೇಳಿದರೆ ಮಾತ್ರ. ಅಮೆರಿಕದ್ದು ಹಾಗಲ್ಲ, ಸರಿಯಿದ್ದರೆ ಎಣಿಸಲೇಬೇಕು. ಹಾಗಾಗಿ ‘ಟೆಂಡರ್’ ಪದವನ್ನು ಅಲ್ಲಿಗೆ ಒಯ್ಯಬೇಡಿ, ಅರ್ಥ ಉಲ್ಟಾ ಆಗುತ್ತದೆ.

‘ಹಂಗಾಮಿ’ಯೂ ಬೇಡ. ಹಂಗಾಮಿ ನೌಕರ ಎಂದರೆ ನಾಳೆ ಇರುವುದಿಲ್ಲ ಅಂತ. ಇಲ್ಲಿ ಓಟು ಹಾಕಿ ಆಗಿದೆ. ಆಗದೆ ಉಳಿದಿರುವುದು ಕಚೇರಿಯವರ ಕೆಲಸ. ಪದ ಅದನ್ನು ಹೇಳಬೇಕು, ಮತದಾರನನ್ನು ಅರ್ಧ ಮಾಡಬಾರದು. ನನ್ನ ಆಯ್ಕೆ: ‘ಪರಿಶೀಲನೆ ಬಾಕಿ ಮತ’.

ಒಂದು ಕವರಿನ ಬೆಲೆ ಏನು ಅಂತ ಕೇಳಬೇಡಿ. 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751.

ಮರು: ಮರು: ಮರು: ಮರು: ಮರು:

ಬಾಕಿ ಅರಬ್ಬಿ.

ಮರು: ಪದ ಬೇಕು

ಮೇಡಂ, ನಿಮಗೆ ತುಂಬಾ ಥ್ಯಾಂಕ್ಸ್. ‘ಮತದಾರನನ್ನು ಅರ್ಧ ಮಾಡಬಾರದು’ ಅಂದಿರಲ್ಲ, ನನಗೆ ಹೇಳಲು ಬಾರದೆ ಒದ್ದಾಡುತ್ತಿದ್ದದ್ದು ಅದೇ.

2004ರ ಅಧ್ಯಕ್ಷ ಚುನಾವಣೆಯಲ್ಲಿ ಇದೇ ಓಹಾಯೋದ ಮೇಲೆ ದೇಶದ ಫಲಿತಾಂಶ ನಿಂತಿತ್ತು. ಬುಷ್, ಕೆರಿ ನಡುವಿನ ಅಂತರ ಸುಮಾರು 1,18,000. ಪ್ರಾವಿಷನಲ್ ಲಕೋಟೆಗಳು ಒಂದೂವರೆ ಲಕ್ಷಕ್ಕೂ ಜಾಸ್ತಿ ಇದ್ದವು. ತಪ್ಪು ಮತಗಟ್ಟೆಯಲ್ಲಿ ಹಾಕಿದ್ದು ಎಣಿಕೆಗೆ ಬರದು ಎಂದು ಇಲ್ಲಿ ಚುನಾವಣೆಯ ಉಸ್ತುವಾರಿ ಹೊತ್ತ ಆಗಿನ ರಾಜ್ಯ ಕಾರ್ಯದರ್ಶಿ ಕೆನೆತ್ ಬ್ಲ್ಯಾಕ್‌ವೆಲ್ ಆದೇಶ ಕೊಟ್ಟಿದ್ದರು. ಗ್ಯಾಂಬಿಯರ್ ಅನ್ನುವ ಸಣ್ಣ ಊರಿನಲ್ಲಿ ಇದ್ದದ್ದು ಎರಡೇ ಮಷೀನು, ಕಾಲೇಜು ಹುಡುಗರು ಹತ್ತು ಗಂಟೆ ಹತ್ತಿರ ಸಾಲಿನಲ್ಲಿ ನಿಂತರು. 2005ರ ಜನವರಿ 6ರಂದು ಅಮೆರಿಕದ ಸಂಸತ್ತಿನಲ್ಲೇ ಓಹಾಯೋದ ಫಲಿತಾಂಶಕ್ಕೆ ಆಕ್ಷೇಪ ಬಂತು, ಸೆನೆಟ್‌ನಲ್ಲಿ 74–1ರಿಂದ ಬಿದ್ದುಹೋಯಿತು. ಅಷ್ಟೆಲ್ಲ ಆದ ಮೇಲೂ ಈ ಲಕೋಟೆ ಏನು ಅಂತ ನಮ್ಮವರಿಗೆ ಕನ್ನಡದಲ್ಲಿ ಹೇಳಿದವರಿಲ್ಲ. ಅದಕ್ಕೇ ಇಷ್ಟು ಕಾಡುತ್ತಿರುವುದು.

ನಿನ್ನೆ ರಾತ್ರಿ ‘ಪರಿಶೀಲನೆ ಬಾಕಿ ಮತ’ವನ್ನು ಅತ್ತೆಗೆ ತೋರಿಸಿದೆ. ಎರಡು ಸಲ ಓದಿದರು. “ಬಾಕಿ ಎಷ್ಟು? ನಾವೇ ಕಟ್ಬೇಕಾ?” ಅಂದರು. ಅವರು ನಲವತ್ತು ವರ್ಷ ದಿನಸಿ ಅಂಗಡಿ ಲೆಕ್ಕ ಬರೆದವರು. ಬಾಕಿ ಅಂದರೆ ಅವರಿಗೆ ದುಡ್ಡೇ. ಓಟಿಗೆ ದುಡ್ಡು ಕೇಳುತ್ತಾರೆ ಅಂತ ಒಬ್ಬರು ತಿಳಿದುಕೊಂಡರೂ ಕೆಟ್ಟಿತು. ಅರಬ್ಬಿ ಅನ್ನುವ ಕಾರಣಕ್ಕಲ್ಲ, ಈ ಕಾರಣಕ್ಕೆ ಅದನ್ನು ಬಿಟ್ಟೆ.

ಈಗ ಹೀಗೆ ಹಾಕುತ್ತಿದ್ದೇನೆ: ‘ಪರಿಶೀಲಿಸಿ ಎಣಿಸುವ ಮತ’. ಪಕ್ಕದಲ್ಲೇ ದಪ್ಪಕ್ಷರದಲ್ಲಿ ‘ಪ್ರಾವಿಷನಲ್ ಬ್ಯಾಲೆಟ್’, ಯಾಕೆಂದರೆ ಮೇಜಿನ ಹಿಂದೆ ಕೂತವರು ಹೇಳುವುದು ಅದನ್ನೇ, ಕಿವಿಗೆ ಬಿದ್ದಾಗ ಗುರುತು ಸಿಗಬೇಕು. ಕೆಳಗೆ ಒಂದು ಸಾಲು: “ನಿಮ್ಮ ಓಟು ಹಾಕಿ ಆಯಿತು, ಮತ್ತೆ ಹಾಕಬೇಕಾಗಿಲ್ಲ. ಗುರುತಿನ ಚೀಟಿ ತಂದಿಲ್ಲದಿದ್ದರೆ ನಾಲ್ಕು ದಿನದೊಳಗೆ ತೋರಿಸಿ.”

ಅತ್ತೆ ಓದಿ, “ಹಾಗನ್ನು ಮತ್ತೆ” ಅಂದರು. ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡರು.