ಸಹಾಯ ಬೇಕು: ಹಿರಿಯರ ಸಮುಚ್ಚಯದಲ್ಲಿ ಮನೆ ಕೊಳ್ಳೋದಾ, ಲೀಸಿಗೆ ಹೋಗೋದಾ?

ನಮಸ್ಕಾರ. ಅಪ್ಪನಿಗೆ 74, ಅಮ್ಮನಿಗೆ 70, ಇಬ್ಬರೂ ಓಡಾಡಿಕೊಂಡಿದ್ದಾರೆ. ದೇವನಹಳ್ಳಿ ಕಡೆ ನೋಡುತ್ತಿದ್ದೇವೆ.

ಲೀಸು ಒಂದು ವರ್ಷ ಮೀರಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬರೀ ಛಾಪಾ ಕಾಗದ ನಂಬಿದರೆ ಡಿಪಾಸಿಟ್ ವಾಪಸ್ ಕೇಳುವಾಗ ಕಷ್ಟ. ನನಗೆ ಹೆಚ್ಚು ಭಯ ಮೆಂಟೆನೆನ್ಸಿನದ್ದು. ವರ್ಷಕ್ಕೆ ಶೇ 8ರಂತೆ ಏರಿದರೂ 9 ವರ್ಷಕ್ಕೆ ದುಪ್ಪಟ್ಟು, ಪಿಂಚಣಿ ಹಾಗೆ ಏರುವುದಿಲ್ಲ. ಏರಿಕೆಯ ಮಿತಿ ಕರಾರಿನಲ್ಲೇ ಇರಬೇಕು.

ಮಾದರಿ ಮನೆಯ ಬಚ್ಚಲ ಬಾಗಿಲು 27 ಇಂಚು, ಒಳಕ್ಕೆ ತೆರೆಯುತ್ತದೆ. ಗಾಲಿಕುರ್ಚಿಗೆ 32 ಇಂಚಾದರೂ ಬೇಕು. ಒಳಗೆ ಬಿದ್ದವರ ಮೈ ಅಡ್ಡವಾದರೆ ಬಾಗಿಲೇ ತೆರೆಯದು. ಹೊರಕ್ಕೆ ತಿರುಗಿಸಿಕೊಡುತ್ತಾರಾ?

ಅಂಥ ಕಡೆ ಇರುವವರು ದಯವಿಟ್ಟು ಹೇಳಿ: ರಾತ್ರಿ ನರ್ಸ್ ನಿಜಕ್ಕೂ ಇರುತ್ತಾರಾ? ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ ಅಲ್ಲೇ ಇರಲು ಬಿಡುತ್ತಾರಾ? ಊರಿಗೆ ಹೋದಾಗ ಊಟದ ಹಣ ಕಡಿಮೆ ಮಾಡುತ್ತಾರಾ?