ತುರ್ತು ಪದ ಬೇಕು: ಹಾರ್ಮೆಸಿಸ್, ಸಬ್‌ಲೀಥಲ್ ಡೋಸ್

ಸಿಂಧನೂರಿನ ಭತ್ತದ ಬೆಳೆಗಾರರಿಗೆ ಒಂದು ಫಲಕ ಬರೆಸುತ್ತಿದ್ದೇವೆ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಒಕ್ಕಣೆ ಕೊಡಬೇಕು. ಸಾಯದಷ್ಟು ಕಡಿಮೆ ಕೀಟನಾಶಕ ತಗುಲಿದ ಹುಳ ಕೆಲವೊಮ್ಮೆ ಇನ್ನೂ ಹೆಚ್ಚು ಮರಿ ಮಾಡುತ್ತದೆ. ಇದೇ ಹಾರ್ಮೆಸಿಸ್. ಆ ಪ್ರಮಾಣಕ್ಕೆ ‘ಉಪಮಾರಕ’ ಅಂದರೆ ನಡೆದೀತೇ?

*

ನಡೆಯದು. ಉಪನದಿ, ಉಪಾಧ್ಯಕ್ಷ, ಉಪಕಥೆ: ಎಲ್ಲ ಕಡೆ ‘ಉಪ’ ಅಂದರೆ ಜೊತೆಗಿರುವ ಎರಡನೆಯದು. ಕೊಲ್ಲುವ ಮಟ್ಟ ಮುಟ್ಟದ್ದು ಅಂತ ಓದುಗನಿಗೆ ಹೊಳೆಯುವುದಿಲ್ಲ. ‘ಸಾಯಿಸದ ಅಳತೆ’ ಅನ್ನಿ. ಹಾರ್ಮೆಸಿಸ್‌ಗೆ ‘ನಂಜುಗೆರಳಿಕೆ’. ಗ್ರೀಕ್ ಬೇರಿನ ಅರ್ಥವೇ ಕೆರಳಿಸು, ಹುರಿದುಂಬಿಸು. ಹಾರ್ಮೋನ್ ಹುಟ್ಟಿದ್ದೂ ಅಲ್ಲಿಂದಲೇ. ಕನ್ನಡದ್ದೇ ನಂಜು ಇರುವಾಗ ವಿಷ, ಕೀಟನಾಶಕ ಯಾಕೆ?

*

ನಂಜು ಬೇಡವೇ ಬೇಡ. ಮೆಣಸಿನಕಾಯಿ ಬೆಳೆಯುವವರಿಗೆ ನಂಜುರೋಗ ಅಂದರೆ ವೈರಸ್ ರೋಗ. ಫಲಕ ಓದಿ ಮುಟುರು ರೋಗದ ಮಾತು ಅಂದುಕೊಳ್ಳುತ್ತಾರೆ. ಬರಿಯ ‘ಕೆರಳಿಕೆ’ ಸಾಕು.

ಪದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೆರಳಿಕೆಯನ್ನೂ ಮರುಕಳಿಕೆಯನ್ನೂ (ಔಷಧ ಹೊಡೆದ ಮೇಲೆ ಹುಳ ಮೊದಲಿಗಿಂತ ಹೆಚ್ಚಾಗಿ ಮರಳುವುದು) ಒಂದೇ ಮಾಡಬೇಡಿ. ಡೆಲ್ಟಾಮೆಥ್ರಿನ್, ಕ್ವಿನಾಲ್‌ಫಾಸ್‌ನಂಥ ಕೀಟನಾಶಕ ಹೊಡೆದ ಭತ್ತದಲ್ಲಿ ಕಂದು ಜಿಗಿಹುಳು ಮರುಕಳಿಸುವುದು ದಶಕಗಳಿಂದ ಗೊತ್ತಿರುವ ಸಂಗತಿ. ಹುಳ ಕೆರಳಿ ಹೆಚ್ಚು ಮೊಟ್ಟೆ ಇಡುವುದು ಅದಕ್ಕೊಂದು ಕಾರಣ. ಹುಳ ತಿನ್ನುವ ಜೇಡ, ಮಿರಿಡ್ ತಿಗಣೆ ಸಾಯುವುದು ಇನ್ನೊಂದು. ಜಿಗಿಹುಳು ಕೂರುವುದು ಪೈರಿನ ಬುಡದಲ್ಲಿ. ಮೇಲಿಂದ ಹೊಡೆದದ್ದು ಅಲ್ಲಿಗೆ ಇಳಿಯುವಷ್ಟರಲ್ಲಿ ಸಾಯಿಸದ ಅಳತೆಯಾಗಿರುತ್ತದೆ. ಫಲಕದಲ್ಲಿ ಇದನ್ನು ಬರೆಯಿರಿ. ಇನ್ನೊಂದು ಮಾತು, ಕಡಿಮೆ ಅಳತೆ ಯಾವಾಗಲೂ ಕೆರಳಿಸುವುದಿಲ್ಲ. ಎಷ್ಟೋ ಸಲ ಹುಳದ ಮೇವು, ಮೊಟ್ಟೆ, ಆಯಸ್ಸು ಕುಗ್ಗುತ್ತವೆ. ‘ಕೆಲವೊಮ್ಮೆ’ ಬಿಡಬೇಡಿ.

*

ಕೆರಳಿಕೆ ಅಂದರೆ ಸಿಟ್ಟು. ಹುಳಕ್ಕೆ ಸಿಟ್ಟು ಬಂತು ಅಂತ ಬರೆಸುತ್ತೀರಾ? ‘ಸೊಕ್ಕು’ ಇದೆಯಲ್ಲ.

*

ಸೊಕ್ಕುವುದು ಬೆಳೆ. ಹೆಚ್ಚು ಯೂರಿಯಾ ಹಾಕಿದ ಪೈರಿಗೆ ಆ ಮಾತು ಮೀಸಲು. ಗಾಯ ಕೆರಳುತ್ತದೆ, ಹಸಿವು ಕೆರಳುತ್ತದೆ, ಅಲ್ಲೆಲ್ಲ ಸಿಟ್ಟಿದೆಯೇ?

*

ಹಾರ್ಮೆಸಿಸ್ ಎಂದೇ ಬಿಡಿ. 1943ರಲ್ಲಿ ಶಿಲೀಂಧ್ರದ ಪ್ರಯೋಗಕ್ಕಾಗಿ ಇಂಗ್ಲಿಷಿನವರೇ ಗ್ರೀಕಿನಿಂದ ಕಡ ತಂದ ಪದ ಅದು. ಯೂರಿಯಾ, ಪಂಪು, ಥ್ರಿಪ್ಸ್ ಅರಗಿಸಿಕೊಂಡ ಕನ್ನಡಕ್ಕೆ ಇದೊಂದು ಭಾರವೇ?

*

ಭಾರವೇ. ಪಂಪು ಕಣ್ಣಿಗೆ ಕಾಣುತ್ತದೆ, ಹಾರ್ಮೆಸಿಸ್ ಕಾಣುವುದಿಲ್ಲ. ಇಲ್ಲಿನ ರೈತರು ಕೀಟನಾಶಕಕ್ಕೂ ‘ಎಣ್ಣಿ’ ಅನ್ನುವವರು. ಅವರ ಮಾತಿನಲ್ಲೇ ಬರೆಸಿ: “ಸಾಯಿಸದ ಅಳತೆಯ ಎಣ್ಣೆ ಕೆಲವೊಮ್ಮೆ ಹುಳವನ್ನು ಕೆರಳಿಸಿ ಹೆಚ್ಚಿಸುತ್ತದೆ. ಪೈರಿನ ಬುಡಕ್ಕೆ ತಾಗುವಂತೆ ಸಿಂಪಡಿಸಿ.”