ಹಳೆಯ ಮೋಡೆಮ್‌ನ ವೇಗವನ್ನು ಇಂದಿನ ಲೆಕ್ಕಕ್ಕೆ ತರುವುದು ಹೇಗೆ? ಬಲ್ಲವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ ಕೇಳಿದವರು:
ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ತಂದೆಯವರ ಹಳೆಯ ಮೋಡೆಮ್, ಅಂದರೆ ಫೋನ್ ಲೈನಿನ ಮೂಲಕ ಕಂಪ್ಯೂಟರಿಗೆ ಇಂಟರ್ನೆಟ್ ತರುತ್ತಿದ್ದ ಪೆಟ್ಟಿಗೆ, ಸಿಕ್ಕಿದೆ. ಜೊತೆಗೆ 1998ರಿಂದ ಅವರು ಬರೆದಿಟ್ಟ ಒಂದು ನೋಟ್‌ಬುಕ್ ಇದೆ. ಎಷ್ಟು ಹೊತ್ತಿಗೆ ಲೈನ್ ಸಿಕ್ಕಿತು, ಯಾವ ಕಡತ ಇಳಿಯಲು ಎಷ್ಟು ನಿಮಿಷ ಹಿಡಿಯಿತು, ಎಲ್ಲವೂ ಅದರಲ್ಲಿದೆ. ಎರಡನ್ನೂ ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿಟ್ಟು, ಪಕ್ಕದಲ್ಲಿ ಇಂದಿನ ವೇಗದ ಹೋಲಿಕೆ ಬರೆಯಬೇಕೆಂದಿದ್ದೇನೆ. ಮೋಡೆಮ್ ಮೇಲೆ 33.6 ಎಂದಿದೆ. ಪುಸ್ತಕದಲ್ಲಿ ಕೆಲವು ಕಡೆ 31,200, ಕೆಲವು ಕಡೆ 1,15,200. ಒಬ್ಬರು 8ರಿಂದ ಭಾಗಿಸು ಎನ್ನುತ್ತಾರೆ, ಇನ್ನೊಬ್ಬರು 10ರಿಂದ. ತಂದೆಯವರನ್ನೇ ಕೇಳೋಣವೆಂದರೆ ಅವರು ಈಗ ಇಲ್ಲ.

ಧಾರವಾಡದಿಂದ:
ತಂಗಿ, ಮೂರೂ ಸಂಖ್ಯೆಗಳು ಸರಿಯಾಗಿಯೇ ಇವೆ, ಆದರೆ ಮೂರೂ ಬೇರೆ ಬೇರೆ ವಿಷಯ ಹೇಳುತ್ತವೆ. 33.6 ಎಂಬುದು ಆ ಪೆಟ್ಟಿಗೆಯ ಗರಿಷ್ಠ ಸಾಮರ್ಥ್ಯ: ಸೆಕೆಂಡಿಗೆ 33,600 ಬಿಟ್ (ಬಿಟ್ ಎಂದರೆ 0 ಅಥವಾ 1, ಮಾಹಿತಿಯ ಅತಿ ಚಿಕ್ಕ ತುಣುಕು). 31,200 ಎಂಬುದು ಆ ದಿನ ಎರಡು ಕಡೆಯ ಮೋಡೆಮ್‌ಗಳು ಕಿರುಗುಟ್ಟಿ ಮಾತಾಡಿಕೊಂಡು ಒಪ್ಪಿದ ವೇಗ. 1,15,200 ಎಂಬುದು ಮನೆಯೊಳಗಿನದು, ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ಗಿಡ್ಡ ಕೇಬಲ್ಲಿನ ವೇಗ. ಡ್ರೈವರ್ (ಮೋಡೆಮ್ ನಡೆಸುವ ತಂತ್ರಾಂಶ) ಸರಿಯಾಗಿ ಹೊಂದಿಸದಿದ್ದರೆ ಪರದೆಯ ಮೇಲೆ ಅದೇ ಕಾಣಿಸುತ್ತಿತ್ತು. ನಾನೂ ಅದನ್ನು ನಂಬಿ ಎಷ್ಟೋ ದಿನ ಹಿಗ್ಗಿದ್ದೆ. ಹೋಲಿಕೆಗೆ ಅದನ್ನು ಬಳಸಲೇಬೇಡಿ.

ಇನ್ನು ಭಾಗಾಕಾರ. ಒಂದು ಬೈಟ್‌ಗೆ 8 ಬಿಟ್. 33,600ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 4,200 ಬೈಟ್, ಅಂದರೆ 4.2 ಕಿಲೋಬೈಟ್. ಹಾಗಾದರೆ 10 ಎಲ್ಲಿಂದ ಬಂತು? ಹಳೆಯ ಮೋಡೆಮ್‌ಗಳು ಪ್ರತಿ ಬೈಟ್‌ನ ಹಿಂದೆ ಮುಂದೆ ‘ಶುರುವಾಯಿತು’, ‘ಮುಗಿಯಿತು’ ಎಂದು ಸಾರುವ ಒಂದೊಂದು ಬಿಟ್ ಸೇರಿಸಿ ಕಳಿಸುತ್ತಿದ್ದವು. ಹೀಗೆ 8 ಹೋಗಿ 10 ಆಗುತ್ತಿತ್ತು, 2,400 ಬಿಟ್‌ನ ಮೋಡೆಮ್ ಸೆಕೆಂಡಿಗೆ 240 ಅಕ್ಷರ ಸಾಗಿಸುತ್ತಿತ್ತು. ದೋಷ ತಿದ್ದುವ ವಿ.42 ವಿಧಾನ ಬಂದ ಮೇಲೆ ಫೋನ್ ಲೈನಿನಲ್ಲಿ ಆ ಎರಡು ಬಿಟ್‌ಗಳ ಹೊರೆ ಇಳಿಯಿತು. ನಿಮ್ಮ ತಂದೆಯವರ ಮೋಡೆಮ್ ಆ ಕಾಲದ್ದು, 8 ಹಿಡಿಯಿರಿ.

ಒಂದು ಕಿವಿಮಾತು. ಇಂಗ್ಲಿಷಿನಲ್ಲಿ ಚಿಕ್ಕಕ್ಷರದ ಬಿ ಬಿಟ್‌ಗೆ, ದೊಡ್ಡಕ್ಷರದ್ದು ಬೈಟ್‌ಗೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ. ‘ಕೆಬಿ’ ಎಂದು ಬರೆದ ಕೂಡಲೇ ಎಂಟು ಪಟ್ಟಿನ ಅಂತರ ಅಳಿಸಿಹೋಗುತ್ತದೆ. ದಯವಿಟ್ಟು ಫಲಕದ ಮೇಲೆ ಕಿಲೋಬಿಟ್, ಕಿಲೋಬೈಟ್ ಎಂದು ಪೂರ್ತಿ ಬರೆಯಿರಿ. ವೇಗದ ಲೆಕ್ಕದಲ್ಲಿ ಕಿಲೋ ಎಂದರೆ 1,000, ಇಲ್ಲಿ 1,024 ತರಬೇಡಿ.

ಮೈಸೂರಿನಿಂದ:
ದೂರವಾಣಿ ವಿನಿಮಯ ಕೇಂದ್ರದಲ್ಲಿ ದುಡಿದು ನಿವೃತ್ತನಾದವನು ನಾನು. ಪ್ರದರ್ಶನಕ್ಕೆ ಬರುವವರು ‘56 ಕೆ ಮೋಡೆಮ್ ಇತ್ತಲ್ಲ’ ಎಂದು ಕೇಳಿಯೇ ಕೇಳುತ್ತಾರೆ, ಅದಕ್ಕೆ ಇದನ್ನು ಹೇಳುತ್ತೇನೆ. ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಒಟ್ಟು 64,000. ಪ್ರತಿ ಅಳತೆಯ 8ರಲ್ಲಿ 7 ಬಿಟ್‌ಗಳನ್ನಷ್ಟೇ ನೆಚ್ಚಿಕೊಂಡರೆ 56,000. 1998ರ ವಿ.90 ಎಂಬ ಮಾನದಂಡದ 56 ಕೆ ಮೋಡೆಮ್‌ನ ಸಂಖ್ಯೆ ಬಂದದ್ದು ಹೀಗೆ. ಅದೂ ಇಳಿಸಿಕೊಳ್ಳುವಾಗ ಮಾತ್ರ, ಕಳಿಸುವಾಗ ಅದೇ 33,600.

ತಂತಿಯ ಸ್ಥಿತಿಯನ್ನೂ ಮರೆಯಬಾರದು. ಮಳೆಗಾಲದಲ್ಲಿ ಕೇಬಲ್ ಜಾಯಿಂಟ್‌ಗೆ ನೀರು ಇಳಿದರೆ ಲೈನಿನಲ್ಲಿ ಕರಕರ ಸದ್ದು, ಮೋಡೆಮ್ 2,400 ಬಿಟ್‌ನ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿತ್ತು: 31,200, 28,800, 26,400. ನೋಟ್‌ಬುಕ್ಕಿನಲ್ಲಿ ಜೂನ್, ಜುಲೈ ಪುಟಗಳನ್ನು ನೋಡಿ, ಕಾಣಿಸಬಹುದು.

ಮಕ್ಕಳಿಗೆ ಹೋಲಿಕೆ ಬೇಕೆಂದರೆ, ಮೊಬೈಲಿನಲ್ಲಿ ದಿನದ ಡೇಟಾ ಮುಗಿದ ಮೇಲೆ ಎಷ್ಟೋ ಯೋಜನೆಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಏನೂ ತೆರೆದುಕೊಳ್ಳುವುದಿಲ್ಲವೆಂದು ನಾವು ಗೊಣಗುವ ಆ ವೇಗ, ನಿಮ್ಮ ತಂದೆಯವರ ಮೋಡೆಮ್‌ನ ಹೆಚ್ಚುಕಡಿಮೆ ಎರಡರಷ್ಟು. 100 ಮೆಗಾಬಿಟ್‌ನ ಮನೆಯ ಸಂಪರ್ಕವಾದರೆ ಸುಮಾರು 3,000 ಪಟ್ಟು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮಳೆಗಾಲದ ಪುಟಗಳಲ್ಲಿ ನಿಜವಾಗಿಯೂ 26,400 ಇದೆ! ಒಂದು ಸಾಲು ಹೀಗಿದೆ: ‘31,200. ಜಿಪ್ ಕಡತ, 12,04,000 ಬೈಟ್. 5 ನಿಮಿಷ 40 ಸೆಕೆಂಡ್. ಒಂದೇ ಸಲಕ್ಕೆ ಬಂತು.’ ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಏಕೆಂದು ತಿಳಿಯಲಿಲ್ಲ.

ಧಾರವಾಡದಿಂದ:
ಫಲಕಕ್ಕೆ ಈ ಸಾಲನ್ನೇ ಆರಿಸಿ. 340 ಸೆಕೆಂಡಿನಲ್ಲಿ 12,04,000 ಬೈಟ್ ಎಂದರೆ ಸೆಕೆಂಡಿಗೆ ಸುಮಾರು 3,541 ಬೈಟ್. 8ರಿಂದ ಗುಣಿಸಿದರೆ 28,300 ಬಿಟ್ ಚಿಲ್ಲರೆ. ಲೈನ್ 31,200 ಇದ್ದರೂ ಹತ್ತರಲ್ಲಿ ಒಂದು ಪಾಲು ವಿಳಾಸ, ಪರಿಶೀಲನೆ ಮುಂತಾದ ಮೇಲುಹೊದಿಕೆಗೆ ಹೋಗಿದೆ. 10ರಿಂದ ಭಾಗಿಸು ಎಂದವರು ಈ ನಷ್ಟವನ್ನೂ ಅಂದಾಜಿಗೆ ಹಿಡಿದು ಹೇಳಿರಬಹುದು. ಕಡತ ಜಿಪ್, ಅಂದರೆ ಮೊದಲೇ ಅಡಕಗೊಳಿಸಿದ್ದು, ಆಗಿದ್ದದ್ದೂ ಒಳ್ಳೆಯದಾಯಿತು. ಬರಿಯ ಪಠ್ಯವಾಗಿದ್ದರೆ ಮೋಡೆಮ್ ತಾನೇ ಅದನ್ನು ಅಡಕಗೊಳಿಸಿ ಕಳಿಸುತ್ತಿತ್ತು, ಲೈನಿನ ವೇಗಕ್ಕಿಂತ ಹೆಚ್ಚಿನ ಸಂಖ್ಯೆ ಬಂದು ಲೆಕ್ಕ ದಾರಿ ತಪ್ಪುತ್ತಿತ್ತು. ಇಂದು ಅದೇ ಕಡತ 100 ಮೆಗಾಬಿಟ್‌ನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನೊಳಗೆ ಇಳಿಯುತ್ತದೆ.

ಆ ಎರಡು ಗೆರೆಯ ವಿಷಯ. ಆಗ ಮನೆಯಲ್ಲಿ ಯಾರಾದರೂ ಇನ್ನೊಂದು ಕೋಣೆಯ ರಿಸೀವರ್ ಎತ್ತಿದರೂ ಸಂಪರ್ಕ ಕಡಿಯುತ್ತಿತ್ತು. ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಎಲ್ಲ ಕಡೆ ಇರಲಿಲ್ಲ. ನೂರಕ್ಕೆ ತೊಂಬತ್ತು ಭಾಗ ಬಂದು ನಿಂತರೂ ಮತ್ತೆ ಮೊದಲಿನಿಂದ. ಆ ಐದು ನಿಮಿಷ ನಲವತ್ತು ಸೆಕೆಂಡು ನಿಮ್ಮ ಮನೆಯಲ್ಲಿ ಯಾರೂ ಫೋನ್ ಮುಟ್ಟಿಲ್ಲ, ತಂಗಿ.